ಖಾಲಿ ಡಬ್ಬಿ ಕಳಿಸಬೇಡ

ಜಪ್ಪು, ಮಂಗಳೂರು
೩ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ದೀಕ್ಷಿತಾ,

ನಿನ್ನ ಮಾಮಿಯ ಆಶೀರ್ವಾದ. ಇವತ್ತು ಸೋಮವಾರ, ನನಗೆ ಉಪವಾಸ. ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ದೀಪ ಹಚ್ಚಿ ಆಯಿತು. ನಿನ್ನೆ ನಳ್ಳಿಯಲ್ಲಿ ನೀರು ಇರಲಿಲ್ಲ, ಇವತ್ತು ಬಂತು. ಕೊಡಪಾನ, ಬಾಲ್ದಿ, ಮೋಕ್ಷಾಳ ಸಣ್ಣ ನೀಲಿ ಟಬ್ಬು, ಎಲ್ಲ ತುಂಬಿಸಿದೆ. ಟಬ್ಬು ಯಾಕೆ ತುಂಬಿಸುತ್ತೇನೋ ನನಗೇ ಗೊತ್ತಿಲ್ಲ, ಕೈ ಹೋಗುತ್ತದೆ. ಬಟ್ಟೆಯೂ ಒಗೆದು ಆಯಿತು. ಈಗ ಒಗೆಯಲಿಕ್ಕೆ ಎಂತ ಉಂಟು? ಮೊದಲಾದರೆ ಅವಳ ಹಾಸುಬಟ್ಟೆಯ ರಕ್ತದ ಚುಕ್ಕೆಗಳನ್ನು ತಣ್ಣೀರಿನಲ್ಲಿ ಉಜ್ಜುವುದರಲ್ಲೇ ನನ್ನ ಅರ್ಧ ಬೆಳಗ್ಗೆ ಕಳೆಯುತ್ತಿತ್ತು. ಈಗ ಎಂಟೂವರೆಗೆಲ್ಲ ಕೈ ಒರೆಸಿಕೊಂಡು ಕುಳಿತುಬಿಡುತ್ತೇನೆ. ಹಾಗೆ ಕುಳಿತು ಬರೆಯುತ್ತಿದ್ದೇನೆ.

ನೀನು ಹೇಗಿದ್ದಿ? ಬಿಸಿಲಿಗೆ ಹೋದರೆ ಬರುತ್ತಿದ್ದ ಆ ಅರೆತಲೆನೋವು ಕಡಿಮೆ ಉಂಟಾ? ನಿನ್ನ ಅಮ್ಮನ ಮೊಣಕಾಲಿಗೆ ಎಣ್ಣೆ ಹಚ್ಚುವವರು ಯಾರು? ಮೋಕ್ಷಾ ಹೇಗಿದ್ದಾಳೆ ಎಂದು ನಾನು ಕೇಳುವುದಿಲ್ಲ. ಅವಳನ್ನು ನಾನು ನೋಡಿದ್ದೇನೆ. ಎಲ್ಲಿ, ಯಾವಾಗ ಎಂದು ಮುಂದೆ ಬರೆಯುತ್ತೇನೆ. ಇಲ್ಲಿ ನಾವಿಬ್ಬರು ಸೌಖ್ಯ ಎಂದು ಬರೆಯುವುದು ಕ್ರಮ, ಹಾಗಾಗಿ ಬರೆದಿದ್ದೇನೆ.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದಿ ಎಂದು ದೀಪೇಶನೇ ಹೇಳಿದ. ಬೇಸರ ಇಲ್ಲ ಎಂದರೆ ಸುಳ್ಳಾಗುತ್ತದೆ, ಉಪವಾಸದ ದಿನ ಸುಳ್ಳು ಬರೆಯುವುದಿಲ್ಲ. ಸೌದಿಯ ದಮ್ಮಾಮಿನಲ್ಲಿರುವ ಮಗನ ಮುಖವನ್ನು ದಿನಾ ಮೊಬೈಲಿನಲ್ಲಿ ನೋಡುತ್ತೇನೆ, ಎರಡು ಬಸ್ಸಿನ ದೂರದ ಕೂಳೂರಿನ ತಾಯಿಮನೆಯಲ್ಲಿರುವ ಸೊಸೆಗೆ ಕಾಗದ ಬರೆಯಬೇಕಾಗಿದೆ. ಕಾಗದ ಕನ್ನಡದಲ್ಲಿ ಯಾಕೆ ಎಂದು ನಗಬೇಡ. ನನಗೆ ಏಳನೇ ಕ್ಲಾಸಿನವರೆಗೆ ಶಾಲೆಯಲ್ಲಿ ಕಲಿಸಿದ್ದು ಕನ್ನಡವನ್ನೇ, ತುಳು ಬರೆಯಲಿಕ್ಕೆ ಕೈ ಬಾರದು. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತು. ನಾವು ಜಗಳವಾಡಿದ್ದೆಲ್ಲ ತುಳುವಿನಲ್ಲಿ. ಕನ್ನಡದಲ್ಲಿ ನಾನು ನಿನಗೆ ಇದುವರೆಗೆ ಒಂದು ಕೆಟ್ಟ ಮಾತೂ ಆಡಿಲ್ಲ.

ಮೋಕ್ಷಾಳಿಗೆ ನೀನು ಕೊಡುತ್ತಿರುವ ಡಿ ವಿಟಮಿನ್ ಪುಡಿಯ ವಿಷಯ ಹೇಳಬೇಕೆಂದೇ ಈ ಕಾಗದ. ನೇರವಾಗಿ ಅದನ್ನೇ ಬರೆದರೆ ನೀನು ಮೊದಲ ಪುಟವನ್ನೇ ಹರಿದು ಹಾಕುತ್ತಿ. ಅದಕ್ಕೆ ನನ್ನ ತಪ್ಪಿನಿಂದ ಶುರು ಮಾಡುತ್ತೇನೆ. ಅದನ್ನಾದರೂ ನೀನು ಕೊನೆಯವರೆಗೆ ಓದುತ್ತಿ ಎಂದು ನನಗೆ ಗೊತ್ತುಂಟು.

ಮೋಕ್ಷಾಳಿಗೆ ಎರಡೂವರೆ ವರ್ಷ ಇರುವಾಗ ಮೊಣಕೈಯ ಮಡಿಕೆಯಲ್ಲಿ ಕೆಂಪಾದದ್ದು. ಮತ್ತೆ ಮೊಣಕಾಲಿನ ಹಿಂದೆ, ಮತ್ತೆ ಕುತ್ತಿಗೆ. ನಾನು ಬೇವಿನ ಸೊಪ್ಪು ಕುದಿಸಿ ಸ್ನಾನ ಮಾಡಿಸಿದೆ, ಉರಿ ತಡೆಯಲಾರದೆ ಅವಳು ಕಿರಿಚಿದಳು. ಎಲ್ಲರೂ ನಂಜು ಎಂದರು. ಮೈಯಲ್ಲಿ ತುರಿಕೆ ಇರುವವರಿಗೆ ಬದನೆ ನಂಜು, ಮೀನು ಅದಕ್ಕಿಂತ ದೊಡ್ಡ ನಂಜು. ನನ್ನ ತಾಯಿಯೂ ಹಾಗೆಯೇ ಹೇಳುತ್ತಿದ್ದರು. ನಾನು ನನ್ನ ಊರಿನ ದೇವಿಯ ಗುಡಿಯ ನಡೆಯಲ್ಲಿ ನಿಂತು ಬಾಯಿ ಬಿಟ್ಟು ಹೇಳಿದೆ: ತಾಯೇ, ಈ ಮಗುವಿನ ಮೈ ಮೊದಲಿನ ಹಾಗೆ ಆಗುವ ತನಕ ನಮ್ಮ ಮನೆಯ ಹೊಸ್ತಿಲನ್ನು ಮೀನು ದಾಟುವುದಿಲ್ಲ. ಅದಕ್ಕಿಂತ ದೊಡ್ಡದು ಬಿಡಲಿಕ್ಕೆ ನಮ್ಮಂಥವರ ಹತ್ತಿರ ಬೇರೆ ಎಂತ ಇತ್ತು? ಚಿನ್ನ ಇರಲಿಲ್ಲ, ಭೂಮಿ ಇರಲಿಲ್ಲ. ದಿನಕ್ಕೆರಡು ಹೊತ್ತು ಮೀನು ಇತ್ತು, ಅದನ್ನು ಕೊಟ್ಟೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಮನೆಗೆ ಬಂದು ಹೇಳಿದಾಗ ನೀನು ಗಂಜಿ ಬಡಿಸುತ್ತಿದ್ದಿ. ಸೌಟು ಅಲ್ಲೇ ನಿಂತಿತು, ಮತ್ತೆ ಬಡಿಸಿದಿ. ನಿನ್ನ ಒಪ್ಪಿಗೆ ಎಂದೇ ನಾನು ತಿಳಿದೆ.

ಹರಕೆ ಹೊತ್ತವಳು ನಾನು. ಆದರೆ ಅದನ್ನು ನಡೆಸಿದವರು ಯಾರು, ಕೇಳು. ನಿನ್ನ ಮಾವ ಎರಡು ವರ್ಷದಿಂದ ಮಧ್ಯಾಹ್ನ ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಮೀನಿನ ಊಟ ಮಾಡಿ, ಏಲಕ್ಕಿ ಜಗಿಯುತ್ತಾ ಮನೆಗೆ ಬರುತ್ತಾರೆ. ನನಗೆ ತಿಳಿಯುವುದಿಲ್ಲ ಎಂದು ಅವರ ನಂಬಿಕೆ. ಏಲಕ್ಕಿಗೆ ಬಂಗುಡೆಯನ್ನು ಮುಚ್ಚುವ ಶಕ್ತಿ ಎಲ್ಲಿಂದ ಬರಬೇಕು ಮಾರಾಯ್ತಿ. ದೀಪೇಶ ಅಲ್ಲಿ ಬೇಕಾದ್ದು ತಿನ್ನುತ್ತಾನೆ. ನೀನು ತಾಯಿಮನೆಗೆ ಹೋದಾಗ ತಿನ್ನುತ್ತಿದ್ದಿ, ತಿನ್ನಬೇಕಾದದ್ದೇ. ಉಳಿದದ್ದು ನಾನು ಮತ್ತು ಆ ಮಗು. ನನಗೆ ಐವತ್ತಾಯಿತು, ತಿನ್ನುವಷ್ಟು ತಿಂದಿದ್ದೇನೆ. ಕೆಳಗಿನ ಮನೆಯ ಮುನೀರಾ ಒಣಮೀನು ಸುಡುವಾಗ ನಮ್ಮ ಮೋಕ್ಷಾ ಕಿಟಕಿಯ ಸರಳು ಹಿಡಿದು ನಿಂತು ಕೇಳಿದ್ದು ನಿನಗೆ ನೆನಪುಂಟಾ? "ಅಜ್ಜಿ, ಈ ಪರಿಮಳ ನಮ್ಮ ಮನೆಯಲ್ಲಿ ಯಾಕೆ ಬರುವುದಿಲ್ಲ?" ನಾನು ನಕ್ಕೆ. ಹರಕೆ ಹೇಳಿದ್ದು ನನ್ನ ಬಾಯಿ, ಬಾಯಿ ಕಟ್ಟಿದ್ದು ಆ ಮಗುವಿನದ್ದು. ಆಗ ಇದು ನನ್ನ ತಲೆಗೆ ಹೋಗಲಿಲ್ಲ.

ಬಿಸಿಲಿನ ವಿಷಯವೂ ಹಾಗೆಯೇ. ಬೆವರಿದರೆ ಅವಳಿಗೆ ಉರಿ. ಮೇಲಾಗಿ ಓಣಿಯಲ್ಲಿ ಆಡಲು ಬಿಟ್ಟರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಬ್ಬಳು ತನ್ನ ಮಗುವನ್ನು ಎಳೆದುಕೊಂಡು, "ಇದು ಅಂಟುತ್ತದಾ?" ಎಂದಳು. ಅವತ್ತಿನಿಂದ ನಾನು ನಮ್ಮ ಮೋಕ್ಷಾಳನ್ನು ಹೊರಗೆ ಬಿಡಲಿಲ್ಲ. ಬಿಟ್ಟರೂ ಉದ್ದ ತೋಳಿನ ಅಂಗಿ, ಕಾಲು ತುಂಬ ಪ್ಯಾಂಟು. ದೀಪೇಶ ಎರಡು ತಿಂಗಳಿನವನಿರುವಾಗ ಎಣ್ಣೆ ಹಚ್ಚಿ ಚಾಪೆಯ ಮೇಲೆ ಎಳೆಬಿಸಿಲಿಗೆ ಮಲಗಿಸುತ್ತಿದ್ದೆ. ಆಗ ಅದು ಯಾವ ವಿಟಮಿನ್ ಎಂದು ನನಗೆ ಹೇಳಿಕೊಟ್ಟವರು ಯಾರೂ ಇಲ್ಲ. ಮಗನನ್ನು ಬಿಸಿಲಿಗೆ ಹಾಕಿದವಳು ನಾನು, ಮೊಮ್ಮಗಳನ್ನು ನೆರಳಿಗೆ ಹಾಕಿದವಳೂ ನಾನೇ.

ಸ್ವಲ್ಪ ಇರು, ಒಲೆಯ ಮೇಲೆ ಒಂದು ಇಟ್ಟಿದ್ದೇನೆ, ನೋಡಿ ಬರುತ್ತೇನೆ.

ಬಂದೆ. ಚೌತಿ ಕಳೆದ ಮರುವಾರ ನಾವಿಬ್ಬರು ಅವಳನ್ನು ಎತ್ತಿಕೊಂಡು ಫಳ್ನೀರಿನ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆವಲ್ಲ, ಅಲ್ಲಿಗೆ ಬರುತ್ತೇನೆ. ರಿಪೋರ್ಟಿನಲ್ಲಿ ಡಿ ಏಳು ಇತ್ತು. ಮೂವತ್ತಾದರೂ ಇರಬೇಕಿತ್ತು ಎಂದರು. "ಮಗು ಬಿಸಿಲಿಗೆ ಹೋಗುವುದಿಲ್ಲವಾ?" ಎಂದು ಕೇಳಿದರು. ನೀನು ಅವಳ ಅಂಗಿಯ ತೋಳು ಎಳೆದು ಸರಿಮಾಡಿದಿ. "ಮೀನು ತಿನ್ನುತ್ತಾಳಲ್ಲ? ಬೂತಾಯಿ, ಬಂಗುಡೆಯಲ್ಲೆಲ್ಲ ಇದು ಇರುತ್ತದೆ" ಎಂದು ಕೇಳಿದರು. ಆಗ ನೀನು ತಿರುಗಿ ನನ್ನ ಮುಖ ನೋಡಿದಿ. ಕಣ್ಣು ಮುಚ್ಚಲೂ ಇಲ್ಲ. ಆ ನೋಟ ನನಗೆ ಇವತ್ತಿಗೂ ಅನ್ನ ಕಲಸುವಾಗ ಬರುತ್ತದೆ.

ಆದರೆ ದೀಕ್ಷಿತಾ, ನೀನು ನನ್ನನ್ನೇ ನೋಡುತ್ತಿದ್ದ ಆ ಹೊತ್ತಿನಲ್ಲಿ ಅವರು ಇನ್ನೂ ಮಾತಾಡುತ್ತಿದ್ದರು. ನಿನ್ನ ಕಿವಿಗೆ ಅದು ಬೀಳಲಿಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಮದ್ದು ಕುಡಿಸುವವಳು ನಾನಾದ್ದರಿಂದ ನಾನು ಕೇಳಿಸಿಕೊಂಡೆ. ಅವರು ಹೇಳಿದ ಮಾತು ಹೀಗೆ: "ಈ ಡಿ ವಿಟಮಿನ್ ಪುಡಿ ವಾರಕ್ಕೆ ಒಂದು ಪ್ಯಾಕೆಟ್, ಆರು ವಾರ. ಅಷ್ಟೇ. ಕಡಿಮೆ ಇದ್ದದ್ದು ಸರಿಯಾದರೆ ಚರ್ಮಕ್ಕೂ ಸ್ವಲ್ಪ ಉಪಕಾರ ಆಗಬಹುದು, ಆಗದೆಯೂ ಇರಬಹುದು. ಹೆಚ್ಚು ಕೊಡಬಾರದು. ಇದು ಮೂತ್ರದಲ್ಲಿ ಹೋಗಿಬಿಡುವ ವಿಟಮಿನ್ ಅಲ್ಲ, ಮೈಯಲ್ಲೇ ಕೂತುಕೊಳ್ತದೆ. ಜಾಸ್ತಿಯಾದರೆ ವಾಂತಿ, ಬಾಯಾರಿಕೆ, ಆಮೇಲೆ ಕಿಡ್ನಿಗೆ ಬರ್ತದೆ." ದಿನಕ್ಕೆ ಮೂರು ಸಲ ಆ ಬಿಳಿ ಮುಲಾಮು ಹಚ್ಚುವುದನ್ನು ಬಿಡಬಾರದು ಎಂದೂ ಹೇಳಿದರು. ನೀನು ಕೇಳಿಸಿಕೊಂಡದ್ದು ಏಳು ಎಂಬ ಒಂದೇ ಮಾತು. ಅದು ನಿನ್ನ ತಪ್ಪಲ್ಲ. ಎರಡು ವರ್ಷದಿಂದ ಯಾಕೆ ಯಾಕೆ ಎಂದು ಕೇಳುತ್ತಿದ್ದವಳಿಗೆ ಮೊದಲ ಸಲ ಒಂದು ಕಾರಣ ಸಿಕ್ಕಿತು, ಆ ಕಾರಣ ಪಕ್ಕದ ಕುರ್ಚಿಯಲ್ಲೇ ಕುಳಿತಿತ್ತು.

ಅದಾಗಿ ಮೂರು ವಾರಕ್ಕೆ ನೀನು ಮೀನು ತಂದದ್ದು. ಎರಡು ಬಂಗುಡೆ, ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಒಂದು ಕಂಕುಳಲ್ಲಿ ಮಗು. ನಾನು ಬಾಗಿಲಿಗೆ ಅಡ್ಡ ನಿಂತೆ. "ಹರಕೆ ಉಂಟು, ಒಳಗೆ ತರಬೇಡ" ಎಂದೆ. "ನಿಮ್ಮ ದೇವರಿಗೆ ಮೀನು ಬೇಡದಿದ್ದರೆ ಬೇಡ ಮಾಮಿ, ನನ್ನ ಮಗುವಿಗೆ ಬೇಕು" ಎಂದಿ. ನಾನು ಆಗಲಾದರೂ ಸರಿದು ನಿಲ್ಲಬಹುದಿತ್ತು. ಹೊಸ್ತಿಲು ಎಂದರೆ ಎಷ್ಟು ಅಗಲ, ಒಂದು ಅಂಗೈ. ಆದರೆ ನಾನು ಹೇಳಿದ್ದು, "ತಿನ್ನಿಸಲೇಬೇಕಾದರೆ ನಿನ್ನ ತಾಯಿಮನೆಯಲ್ಲಿ ತಿನ್ನಿಸು." ನೀನು ತೊಟ್ಟೆಯನ್ನು ಮೆಟ್ಟಿಲಿನ ಮೇಲೆ ಇಟ್ಟು, ಹಾಗೆಯೇ ತಿರುಗಿ ಹೋದಿ. ಚಪ್ಪಲಿ ಸಹ ಬಿಚ್ಚಿರಲಿಲ್ಲ. ಮೋಕ್ಷಾ ನಿನ್ನ ಹೆಗಲ ಮೇಲಿನಿಂದ ನನಗೆ ಟಾಟಾ ಮಾಡಿದಳು, ಅಂಗಡಿಗೆ ಹೋಗುವುದು ಎಂದು ತಿಳಿದು. ನವೆಂಬರಿನಲ್ಲಿ ನಾನು ಲಾಡು ಕಟ್ಟಿಕೊಂಡು ಕೂಳೂರಿಗೆ ಬಂದಾಗ ನಿನ್ನ ಅಮ್ಮ ಗ್ರಿಲ್ಲಿನ ಒಳಗಿನಿಂದಲೇ, "ಅವಳು ಮಲಗಿದ್ದಾಳೆ" ಎಂದರು. ನೀನು ದೀಪೇಶನ ಹತ್ತಿರ, ಮಾಮಿ ಇನ್ನೊಮ್ಮೆ ಇಲ್ಲಿಗೆ ಬಂದರೆ ಮಗುವನ್ನು ಕರೆದುಕೊಂಡು ಬೇರೆಲ್ಲಿಗಾದರೂ ಹೋಗುತ್ತೇನೆ ಎಂದಿಯಂತೆ. ಅದಕ್ಕೆ ಹೆದರಿ ನಾನು ಬಂದಿಲ್ಲ. ಇವತ್ತೂ ಬರುವುದಿಲ್ಲ.

ಇನ್ನು ಬರೆಯುವುದನ್ನು ನಾನು ನಿನ್ನ ಮಾವನಿಗೂ ಹೇಳಿಲ್ಲ. ನೀನು ಹೋದ ಮೇಲೆ ನಾನು ಪ್ರತಿ ಸೋಮವಾರ ದೇವರ ಮುಂದೆ ಕುಳಿತು ಕೇಳಿಕೊಂಡದ್ದು ಒಂದೇ: ತಪ್ಪು ನನ್ನದೇ ಆಗಿರಲಿ. ಜನ ತಪ್ಪು ತಮ್ಮದಲ್ಲ ಎಂದು ಕೈಮುಗಿಯುತ್ತಾರೆ, ನಾನು ನನ್ನದೇ ಆಗಲಿ ಎಂದು ಮುಗಿದೆ. ಯಾಕೆಂದರೆ ತಪ್ಪು ನನ್ನದಾದರೆ, ನಾನು ದೂರವಾದ ಮೇಲೆ ಅವಳಿಗೆ ಗುಣವಾಗಬೇಕು. ನೀನು ಅಲ್ಲಿ ದಿನಾ ಮೀನು ಕೊಡುತ್ತಿ, ಬೆಳಿಗ್ಗೆ ಹೊಳೆಬದಿಗೆ ಬಿಸಿಲಿಗೆ ಕರೆದುಕೊಂಡು ಹೋಗುತ್ತಿ ಎಂದು ಮುನೀರಾ ಹೇಳುವಾಗ ನನಗೆ ಎಷ್ಟು ಸಮಾಧಾನ! ಅವಳು ಕೂಳೂರಿನ ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುವುದರಿಂದ ನಿಮ್ಮ ಮನೆಯ ಸುದ್ದಿ ನನಗೆ ಅಷ್ಟಿಷ್ಟು ಸಿಗುತ್ತದೆ, ಅವಳ ಮೇಲೆ ಸಿಟ್ಟು ಮಾಡಬೇಡ. ಜನವರಿಯಲ್ಲಿ ದೀಪೇಶ ಹೊಸ ರಿಪೋರ್ಟನ್ನು ನನಗೆ ಕಳಿಸಿದ. ಏಳು ಇದ್ದದ್ದು ಮೂವತ್ತೆಂಟು ಆಗಿತ್ತು. ನಾನು ಮೊಬೈಲನ್ನು ದೇವರ ಮುಂದೆ ಇಟ್ಟು ಹೂ ಹಾಕಿದೆ. ನಗು, ಪರವಾಗಿಲ್ಲ. ಮಗು ಗುಣವಾಯಿತು, ನಾನು ಪಾಪಿಯಾದೆ, ಇಷ್ಟಕ್ಕೆ ಮುಗಿಯಿತು ಎಂದು ತಿಳಿದೆ.

ಕಳೆದ ಬುಧವಾರ ದೀಪದ ಎಣ್ಣೆ ತರಲಿಕ್ಕೆ ಹಂಪನಕಟ್ಟೆಗೆ ಹೋಗಿದ್ದೆ. ನೀವಿಬ್ಬರು ಬಸ್ಸಿನಿಂದ ಇಳಿದಿರಿ. ಆ ಸೆಕೆಯಲ್ಲಿ ಅವಳಿಗೆ ಉದ್ದ ತೋಳಿನ ಅಂಗಿ ಹಾಕಿಸಿದ್ದಿ. ತುರಿಸಿಕೊಳ್ಳಬಾರದೆಂದು ಎರಡು ಕೈಗೂ ಸಾಕ್ಸ್. ನೀನು ಚಿಲ್ಲರೆ ಹುಡುಕುವಾಗ ಅವಳು ಕುತ್ತಿಗೆಯನ್ನು ಬಸ್‌ಸ್ಟ್ಯಾಂಡಿನ ಕಬ್ಬಿಣದ ಕಂಬಕ್ಕೆ ತಿಕ್ಕುತ್ತಿದ್ದಳು, ದನ ಮರಕ್ಕೆ ತಿಕ್ಕುವ ಹಾಗೆ. ಕಾಲರು ಸರಿದಾಗ ನೋಡಿದೆ. ಇಲ್ಲಿರುವಾಗ ಕೆಂಪು ಇತ್ತು, ಈಗ ಹಸಿಯಾಗಿದೆ, ನೀರು ಒಸರುತ್ತಿದೆ. ಕಿವಿಯ ಹಿಂದೆಯೂ ಬಂದಿದೆ. ನೀನು ಶಾಲಿನಿಂದ ಮುಚ್ಚಿದಿ, ಆಚೀಚೆ ನೋಡಿದಿ. ನಾನು ಹೂವಿನವಳ ಕೊಡೆಯ ಹಿಂದೆ ಸರಿದು ನಿಂತೆ. ಅಲ್ಲಿಂದ ಫಳ್ನೀರಿಗೆ ನಡೆಯುವಷ್ಟೇ ದೂರ, ಡಾಕ್ಟರಮ್ಮನ ಹತ್ತಿರ ಹೋಗುತ್ತಿಯೋ ಎಂದು ಹಿಂದಿನಿಂದ ನೋಡಿದೆ. ನೀನು ಹೋದದ್ದು ಬಟ್ಟೆ ಅಂಗಡಿಗೆ. ಇನ್ನೊಂದು ಉದ್ದ ತೋಳಿನ ಅಂಗಿಯ ಚೀಲ ಹಿಡಿದುಕೊಂಡು ಕೂಳೂರಿನ ಬಸ್ ಹತ್ತಿದಿ. ನನ್ನ ಹಾಗೆಯೇ ನೀನೂ ಅವಳನ್ನು ಮುಚ್ಚಲಿಕ್ಕೆ ಶುರು ಮಾಡಿದ್ದಿ. ನನಗೆ ಸಂತೋಷ ಆಗಬೇಕಿತ್ತೋ ಏನೋ, ಗೆದ್ದೆ ಎಂದು. ಎಣ್ಣೆ ತೆಗೆದುಕೊಳ್ಳದೆ ಮನೆಗೆ ಬಂದೆ.

ಮೂವತ್ತೆಂಟು ಆಯಿತು, ಗುಣವಾಗಲಿಲ್ಲ. ಮೀನು ತಿಂದಳು, ಬಿಸಿಲಿಗೆ ಹೋದಳು, ನಾನೂ ದೂರವಾದೆ, ಗುಣವಾಗಲಿಲ್ಲ. ದೇವರು ನನ್ನ ಪ್ರಾರ್ಥನೆ ಕೇಳಲಿಲ್ಲ ದೀಕ್ಷಿತಾ. ಡಿ ಇಳಿದದ್ದು ನನ್ನಿಂದಲೇ, ಅದನ್ನು ನಾನು ಯಾರ ಮುಂದೆಯೂ ಒಪ್ಪುತ್ತೇನೆ. ಆದರೆ ಅವಳ ಚರ್ಮ ಅದೊಂದರಿಂದ ಹಾಗಾದದ್ದಲ್ಲ. ಹಾಗಾದರೆ ಯಾರಿಂದ, ಯಾವುದರಿಂದ? ನನಗೆ ಗೊತ್ತಿಲ್ಲ. ಡಾಕ್ಟರಮ್ಮನಿಗೂ ಪೂರಾ ಗೊತ್ತಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. "ಕೆಲವು ಮಕ್ಕಳಿಗೆ ದೊಡ್ಡವರಾದಾಗ ತನ್ನಷ್ಟಕ್ಕೆ ಹೋಗ್ತದೆ" ಎಂದರು. ಕೆಲವು ಮಕ್ಕಳಿಗೆ. ಆ ಕೆಲವರಲ್ಲಿ ನಮ್ಮವಳು ಇದ್ದಾಳೆ ಎಂದು ಹೇಳುವ ಧೈರ್ಯ ನನ್ನಲ್ಲಿ ಈಗ ಇಲ್ಲ. ಮೊದಲು ಎಲ್ಲದಕ್ಕೂ "ದೇವಿ ಇದ್ದಾಳೆ" ಎನ್ನುತ್ತಿದ್ದೆ. ಇದ್ದಾಳೆ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಅವಳು ಇರುವುದು ಇದನ್ನು ಗುಣ ಮಾಡಲಿಕ್ಕೆ ಎಂದು ನಾನು ಇನ್ನು ಹೇಳುವುದಿಲ್ಲ.

ಈಗ ಆ ಪುಡಿಯ ವಿಷಯ. ನಿನ್ನೆ ಸಂಜೆ ಮುನೀರಾ ಮೆಟ್ಟಿಲು ಹತ್ತಿ ಬಂದು, "ಅಕ್ಕ, ನಿಮ್ಮ ಹತ್ರ ಹೇಳಬೇಕಾ ಬೇಡವಾ ಗೊತ್ತಾಗುವುದಿಲ್ಲ, ಹೇಳಿದ್ರೆ ಚಾಡಿ, ಹೇಳದಿದ್ರೆ ಪಾಪ" ಎಂದಳು. ಅವಳ ಅಂಗಡಿಯ ಎದುರಿನ ಮೆಡಿಕಲಿನಲ್ಲಿ ನೀನು ಮೊನ್ನೆ ಶುಕ್ರವಾರ ನಾಲ್ಕು ಪ್ಯಾಕೆಟ್ ತೆಗೆದುಕೊಂಡಿಯಂತೆ. ಅದರ ಹಿಂದಿನ ವಾರವೂ ನಾಲ್ಕು. ಅಲ್ಲಿಯವನು, "ಎಂತ ಅಕ್ಕ, ಇಡೀ ಕೂಳೂರಿಗೆ ಹಂಚ್ಲಿಕ್ಕುಂಟಾ?" ಎಂದು ತಮಾಷೆ ಮಾಡಿದ್ದಕ್ಕೆ ನೀನು ನಗಲಿಲ್ಲವಂತೆ. ಶನಿವಾರ ಅವಳು ನಿನ್ನ ಅಮ್ಮನ ರವಿಕೆ ಕೊಡಲಿಕ್ಕೆ ನಿಮ್ಮ ಮನೆಗೆ ಬಂದಾಗ ಮೋಕ್ಷಾ ಮೆಟ್ಟಿಲಿನಲ್ಲಿ ಕುಳಿತಿದ್ದಳಂತೆ, ಬಾಟಲಿಯ ನೀರು ಪೂರಾ ಕುಡಿದು ಇನ್ನೂ ಬೇಕು ಎನ್ನುತ್ತಾ. ಎರಡು ದಿನದಿಂದ ವಾಂತಿ, ಹೊಟ್ಟೆಯೂ ಕಟ್ಟಿದೆ, ಸೆಕೆಗೆ ಇರಬೇಕು ಎಂದು ನಿನ್ನ ಅಮ್ಮ ಹೇಳಿದರಂತೆ. ಸೆಕೆ ಅಲ್ಲ ಮಗಾ.

ನೀನು ಎಂತ ಯೋಚಿಸಿದ್ದಿ ಎಂದು ನನಗೆ ಹೇಳದೆಯೂ ತಿಳಿಯುತ್ತದೆ. ಮೂವತ್ತೆಂಟಕ್ಕೆ ಆಗದಿದ್ದರೆ ಎಂಬತ್ತಕ್ಕೆ ಆಗಬಹುದು ಎಂದಲ್ಲವಾ? ನಾನೂ ಹೀಗೆಯೇ ಯೋಚಿಸಿದವಳು. ಒಂದು ಸೋಮವಾರಕ್ಕೆ ಆಗದ್ದು ನೂರು ಸೋಮವಾರಕ್ಕೆ ಆದೀತು ಎಂದು. ನನ್ನ ಉಪವಾಸ ಎಷ್ಟಾದರೂ ನನ್ನ ಹೊಟ್ಟೆಯಲ್ಲೇ ಮುಗಿಯುತ್ತದೆ. ನಿನ್ನ ಕೈಯಲ್ಲಿರುವುದು ಆ ಮಗುವಿನ ಹೊಟ್ಟೆಗೆ ಹೋಗುತ್ತದೆ.

ನಿನ್ನೆಯೇ ದೀಪೇಶನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಅವನು ಪೂರಾ ಕೇಳಿಸಿಕೊಂಡ. ಮತ್ತೆ ಹೇಳಿದ: "ಅಮ್ಮಾ, ಮೊದಲು ಮೀನು ಬೇಡ ಹೇಳಿದಿ. ಮತ್ತೆ ಬಿಸಿಲು ಬೇಡ ಹೇಳಿದಿ. ಈಗ ಮದ್ದೂ ಬೇಡ ಹೇಳ್ತಿಯಾ?" ಅವನು ಹೇಳಿದ್ದರಲ್ಲಿ ತಪ್ಪು ಎಂತ ಉಂಟು? ಎರಡು ಸಲ ಬೇಡ ಎಂದು ಹೇಳಿ ಎರಡು ಸಲವೂ ಕೆಟ್ಟದ್ದು ಮಾಡಿದವಳ ಮೂರನೆಯ ಬೇಡವನ್ನು ಯಾರು ಕೇಳುತ್ತಾರೆ? ನಾನಾದರೂ ಕೇಳುತ್ತಿರಲಿಲ್ಲ. ಇವತ್ತು ಬೆಳಗ್ಗೆ ಕ್ಲಿನಿಕ್ಕಿಗೆ ಫೋನು ಮಾಡಿದೆ. ಫೋನು ತೆಗೆದ ಹುಡುಗಿ, "ಮಗುವನ್ನು ನೋಡದೆ ಹೇಳ್ಲಿಕ್ಕೆ ಆಗುವುದಿಲ್ಲ, ಇವತ್ತೇ ಕರ್ಕೊಂಡು ಬನ್ನಿ. ತಡವಾದರೆ ದೊಡ್ಡ ಆಸ್ಪತ್ರೆಗೆ ಹೋಗಿ" ಎಂದಳು. ಡಾಕ್ಟರಮ್ಮ ನಾಲ್ಕು ಗಂಟೆಗೆ ಇರುತ್ತಾರೆ.

ನನ್ನನ್ನು ನಂಬಬೇಡ. ನನ್ನನ್ನು ನಂಬು ಎಂದು ಕೇಳುವ ಮುಖ ನನಗಿಲ್ಲ. ಇವತ್ತೇ ಹೋಗಿ ಡಾಕ್ಟರಮ್ಮನನ್ನು ಕೇಳು. ಎಷ್ಟು ಪ್ಯಾಕೆಟ್ ಕೊಟ್ಟಿದ್ದಿ ಎಂದು ಒಂದನ್ನೂ ಬಿಡದೆ ಹೇಳು. ಅವರು ಬೈದರೆ ಬೈಸಿಕೋ. ಅತ್ತೆ ಹೇಳಿದ್ದಕ್ಕೆ ಕೊಟ್ಟೆ ಎಂದು ಬೇಕಾದರೆ ಹೇಳು, ಯಾರು ಕೇಳಿದರೂ ನಾನು ಹೌದು ಎನ್ನುತ್ತೇನೆ. ಇಷ್ಟು ದಿನ ಇದ್ದ ತಪ್ಪಿನ ಜೊತೆಗೆ ಅದೊಂದು ನನಗೆ ಭಾರವಲ್ಲ. ಊರೆಲ್ಲ ನನ್ನ ಹೆಸರು ಹೇಳು, ದೀಪೇಶನ ಹತ್ತಿರ ಹೇಳು, ನಾಳೆ ಮೋಕ್ಷಾ ದೊಡ್ಡವಳಾಗಿ "ನನ್ನ ಕುತ್ತಿಗೆ ಯಾಕೆ ಹೀಗೆ?" ಎಂದು ಕನ್ನಡಿಯ ಮುಂದೆ ನಿಂತು ಕೇಳಿದರೆ "ನಿನ್ನ ಅಜ್ಜಿಯಿಂದ" ಎಂದು ಹೇಳು. ಅವಳಿಗೂ ಒಂದು ಕಾರಣ ಬೇಕಾಗುತ್ತದೆ. ಆದರೆ ಇನ್ನೊಂದು ಪ್ಯಾಕೆಟ್ ಒಡೆಯಬೇಡ.

ಗುಣವಾಗುತ್ತದೆ ಎಂದು ನಾನು ಬರೆಯುವುದಿಲ್ಲ. ತುರಿಕೆ ಇರುವ ಮಗು ತುರಿಕೆ ಇರುವ ಮಗುವಾಗಿಯೇ ಇರಲಿ. ಇದ್ದರೆ ಸಾಕು.

ಈ ಕಾಗದ ನಿನಗೆ ತಂದುಕೊಡುವ ಮುನೀರಾ ಕೆಳಗಿನಿಂದ, "ಬೇಗ ಅಕ್ಕ, ಹತ್ತೂವರೆಯ ಬಸ್ ಹೋಗ್ತದೆ" ಎಂದು ಎರಡು ಸಲ ಕರೆದಳು. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಗ್ರಿಲ್ಲಿನ ಬೇಸರ ನನಗೆ ಇಲ್ಲ. ನಿನ್ನ ಮಾವ ಮಗುವನ್ನು ಕೇಳಿದ್ದಾರೆ ಎಂದು ಬರೆಯಲು ಹೇಳಿದರು, ಮಾತು ಅಷ್ಟೇ, ಮತ್ತೆ ಅಂಗಳಕ್ಕೆ ಹೋಗಿ ನಿಂತರು. ಮೋಕ್ಷಾಳ ಹಣೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು, ಹಣೆಯಲ್ಲಿ ಇನ್ನೂ ಏನೂ ಬಂದಿಲ್ಲ. ದೇವಿ ನಿಮ್ಮಿಬ್ಬರನ್ನು ಕಾಯಲಿ.

ನಿನ್ನ ಮಾಮಿ,
ಕಿನ್ನಿ

ತಾ.ಕ.: ಒಲೆಯ ಮೇಲೆ ಇಟ್ಟದ್ದು ಎಂತ ಎಂದು ಹೇಳುವುದೇ ಮರೆತೆ. ಮುನೀರಾಳ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಉಂಟು, ಅದರಲ್ಲಿ ಹುಳಿಖಾರ ಹಾಕಿದ ಬೂತಾಯಿ ಪುಳಿಮುಂಚಿ, ನಿನಗೆ. ಮೇಲಿನ ಸಣ್ಣ ತಟ್ಟೆಯಲ್ಲಿ ಮೆಣಸು ಹಾಕದೆ ಅರಸಿನ ಮಾತ್ರ ಹಚ್ಚಿ ಬೇಯಿಸಿ, ಮುಳ್ಳು ತೆಗೆದ ಎರಡು, ಮೋಕ್ಷಾಳಿಗೆ. ಡಾಕ್ಟರಮ್ಮನ ಹತ್ತಿರ ಕೇಳಿಯೇ ಕೊಡು. ಬೆಳಗ್ಗೆ ಮೀನು ಮಾರುವ ಹಸೈನಾರನ ಸ್ಕೂಟರನ್ನು ನಿಲ್ಲಿಸಿದೆ. ಪಾಪ, ಎರಡು ವರ್ಷದಿಂದ ಅವನು ನಮ್ಮ ಗೇಟಿನ ಹತ್ತಿರ ಹಾರ್ನ್ ಹಾಕದೆ ಹೋಗುತ್ತಿದ್ದ. ನಾನು ಕರೆದದ್ದಕ್ಕೆ ಹಿಂದೆ ಯಾರಾದರೂ ಇದ್ದಾರಾ ಎಂದು ತಿರುಗಿ ನೋಡಿದ. "ಸೋಮವಾರ ಅಲ್ವಾ ಅಕ್ಕ, ನಿಮಗೆ ಹುಷಾರಿಲ್ಲವಾ?" ಎಂದ. ನೀನು ತೊಟ್ಟೆ ಇಟ್ಟು ಹೋದ ಅದೇ ಮೆಟ್ಟಿಲು ಹತ್ತಿ, ಅದೇ ಹೊಸ್ತಿಲು ದಾಟಿಸಿ ಒಳಗೆ ತಂದೆ. ಏನೂ ಆಗಲಿಲ್ಲ. ಆಗುವುದಿದ್ದರೆ ನನಗೆ ಆಗಲಿ. ಹರಕೆ ಮುರಿದವಳು ನಾನು, ಈ ಕಾಗದ ಹರಕೆಯ ಬಾಯಿಂದ ಬಂದದ್ದಲ್ಲ ಎಂದು ನಿನಗೆ ತೋರಿಸಲಿಕ್ಕೆ ನನಗೆ ಬೇರೆ ದಾರಿ ಹೊಳೆಯಲಿಲ್ಲ. ಉಪವಾಸವಾದ್ದರಿಂದ ರುಚಿ ನೋಡಿಲ್ಲ, ಉಪ್ಪು ಹೆಚ್ಚುಕಡಿಮೆ ಇದ್ದೀತು.

ಡಬ್ಬಿಯನ್ನು ಖಾಲಿ ಕಳಿಸಬಾರದು ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಬರೆಯಲು ಮನಸ್ಸಿಲ್ಲದಿದ್ದರೆ ಒಂದು ಅಕ್ಷರವೂ ಬರೆಯಬೇಡ. ಉಳಿದ ಪ್ಯಾಕೆಟ್‌ಗಳನ್ನು ಅದರೊಳಗೆ ಹಾಕಿ ಮುಚ್ಚಳ ಮುಚ್ಚು, ನನಗೆ ಅದೇ ಉತ್ತರ. ತೊಳೆಯುವುದೂ ಬೇಡ. ನೀವು ಫಳ್ನೀರಿಗೆ ಹೊರಡುವುದಾದರೆ ಅಮ್ಮನ ಕೈಯಲ್ಲಿ ಕೊಟ್ಟು ಹೋಗು. ಮುನೀರಾ ಅಂಗಡಿ ಬಿಟ್ಟು ಐದೂವರೆಗೆ ನಿಮ್ಮ ಗ್ರಿಲ್ಲಿನ ಹತ್ತಿರ ಬರುತ್ತಾಳೆ, ಅವಳ ಕೈಯಲ್ಲಿ ಕೊಡಲು ಹೇಳು.